ಎಣಿಸದ ತಟ್ಟೆಗಳು

ಸಿಡ್ನಿಯ ಚಾಟ್ಸ್‌ವುಡ್‌ನ ಆ ಕಟ್ಟಡದ ಲಿಫ್ಟ್ ಒಂಬತ್ತನೆಯ ಮಹಡಿ ಮುಟ್ಟುವುದರೊಳಗೆ ಗರ್ಟ್ರೂಡ್ ತನ್ನ ಕೈಚೀಲವನ್ನು ಮೂರು ಸಲ ತೆರೆದು ನೋಡಿದ್ದಳು. ಕನ್ನಡಕ ಇತ್ತು, ಕ್ಯಾಲ್ಕ್ಯುಲೇಟರ್ ಇತ್ತು, ಮೆಲ್ಬರ್ನ್‌ಗೆ ಹಿಂತಿರುಗುವ ಟಿಕೆಟ್ ಇತ್ತು. ನಾಲ್ಕಾಗಿ ಮಡಚಿದ ಆ ಹಾಳೆಯೂ ಇತ್ತು. ಅದೊಂದು ಕಳೆದುಹೋಗಿದ್ದರೆ ಅವಳಿಗೆ ಬೇಸರವೇನೂ ಆಗುತ್ತಿರಲಿಲ್ಲ.

ಅದು ಎಡ್ವರ್ಡ್ ಕಳಿಸಿದ ಹಾಳೆ. ಮೆಲ್ಬರ್ನ್‌ನ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ನಲವತ್ತೆಂಟು ವೃದ್ಧರು ವಾಸಿಸುವ ಆರೈಕೆ ಮನೆಯೊಂದರ ಅಡುಗೆಮನೆಗೆ ಗರ್ಟ್ರೂಡ್ ಮ್ಯಾನೇಜರ್. ಎಡ್ವರ್ಡ್ ಅಂಥ ಆರು ಮನೆಗಳ ಮೇಲಧಿಕಾರಿ. ದಿನಕ್ಕೆ ಮಧ್ಯಾಹ್ನದ ಅಡುಗೆಗೆ ಮುನ್ನೂರ ಅರವತ್ತು ಡಾಲರ್ ಖರ್ಚು, ತಟ್ಟೆಯೊಂದಕ್ಕೆ ಏಳೂವರೆ. ಹೊರಗಿನ ಕಂಪನಿ ಅದೇ ಊಟವನ್ನು ಪ್ಯಾಕ್ ಮಾಡಿ ಆರು ಡಾಲರಿಗೆ ಕೊಡುತ್ತದೆ, ಬಿಸಿ ಮಾಡಿದರೆ ಸಾಕು. ಶುಕ್ರವಾರ ತೀರ್ಮಾನ ಮಾಡೋಣ ಎಂದು ಅವನು ಬರೆದಿದ್ದ. ತೀರ್ಮಾನ ಏನೆಂಬುದು ಹಾಳೆಯ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಅಡುಗೆಮನೆ ಮುಚ್ಚಿದರೆ ಅವಳ ಕೆಲಸವೂ ಹೋಗುತ್ತದೆ, ಎರಡನೆಯ ಅಡುಗೆಯವಳಾದ ಚಿನ್ನಮ್ಮನದೂ ಹೋಗುತ್ತದೆ.

ಹಣಕಾಸು ಓದದ ಮ್ಯಾನೇಜರುಗಳಿಗೆಂದು ಸಿಡ್ನಿಯಲ್ಲಿ ನಡೆಯುವ ಈ ಎರಡು ದಿನದ ತರಬೇತಿ ಮಾತ್ರ ತಿಂಗಳ ಹಿಂದೆಯೇ ಬುಕ್ ಆಗಿತ್ತು. ದುಡ್ಡು ಕಟ್ಟಿಯಾಗಿದೆ, ಹೋಗಿ ಬಾ ಎಂದು ಕಳಿಸಿದ್ದರು.

ತರಬೇತಿ ಕೊಡುತ್ತಿದ್ದಾಕೆ ಗಿಡ್ಡ ಕೂದಲಿನ, ಗಟ್ಟಿ ದನಿಯ ಹೆಂಗಸು. ಮೊದಲ ಗಂಟೆಯಲ್ಲಿ ಆಸ್ತಿ, ಹೊಣೆ, ಬಜೆಟ್ ಎಂದೆಲ್ಲ ಓಡಿದಳು. ಗರ್ಟ್ರೂಡ್ ಎಲ್ಲವನ್ನೂ ಬರೆದುಕೊಂಡಳು, ಒಂದೂ ತಲೆಗೆ ಹೋಗಲಿಲ್ಲ. ಆಮೇಲೆ ಆಕೆ ಬಿಳಿ ಹಲಗೆಯ ಮೇಲೆ ಅಡ್ಡಕ್ಕೊಂದು ಗೆರೆ ಎಳೆದಳು.

"ಗೆರೆಯ ಮೇಲೆ ಖರ್ಚು, ಕೆಳಗೆ ಎಷ್ಟು ಮಂದಿಗೆ ಎಂಬುದು. ಮೇಲಿನದನ್ನು ಇಳಿಸಿ ಎಂದು ನಿಮ್ಮ ಬಾಸ್ ಬೊಬ್ಬೆ ಹಾಕುತ್ತಾನೆ. ನೀವು ಕೇಳಬೇಕಾದ್ದು ಒಂದೇ: ಕೆಳಗಿನದನ್ನು ಎಣಿಸಿದ್ದು ಯಾರು?"

ಗರ್ಟ್ರೂಡ್ ತನ್ನ ಹಾಳೆ ಬಿಡಿಸಿದಳು. ಮೇಲೆ ಮುನ್ನೂರ ಅರವತ್ತು. ಕೆಳಗೆ ನಲವತ್ತೆಂಟು. ಅದನ್ನು ಯಾರೂ ಎಣಿಸಿರಲಿಲ್ಲ. ಅದು ಮನೆಯ ಹಾಸಿಗೆಗಳ ಸಂಖ್ಯೆ. ಅವಳ ಕಣ್ಣ ಮುಂದೆ ಮಧ್ಯಾಹ್ನ ಹನ್ನೆರಡೂವರೆಯ ಅಡುಗೆಮನೆ ಬಂದು ನಿಂತಿತು. ಬಾಗಿಲಲ್ಲಿ ಸಾಲಾಗಿ ನಿಂತ ನರ್ಸುಗಳು, ಒಗೆಯುವವರು, ತೋಟದವನು. ತಾಯಿಗೆ ತುತ್ತು ಕೊಡಲು ಬಂದ ಮಗಳು, ಅಜ್ಜನನ್ನು ನೋಡಲು ಬಂದ ಮೊಮ್ಮಗ. ಊಟದ ಹೊತ್ತಿಗೆ ಬಂದವರಿಗೆ ತಟ್ಟೆ ಇಡದೆ ಅವಳು ಒಂದು ದಿನವೂ ಕಳಿಸಿದವಳಲ್ಲ. ಒಂದು ತಟ್ಟೆಯನ್ನೂ ಬರೆದಿಟ್ಟವಳೂ ಅಲ್ಲ.

ಬರೆಯುವುದಾದರೂ ಹೇಗೆ? ಮಂಗಳೂರಿನ ಹತ್ತಿರದ ಕಿನ್ನಿಗೋಳಿಯ ಮನೆಯಲ್ಲಿ ನೆಂಟರು ಊಟಕ್ಕೆ ಕೂತಾಗ ತಲೆ ಎಣಿಸಿದ ಮಕ್ಕಳಿಗೆ ಅಮ್ಮ ತೊಡೆ ಚಿವುಟುತ್ತಿದ್ದಳು. ಉಣ್ಣುವವರನ್ನು ಎಣಿಸಬಾರದು, ಅಷ್ಟೇ. ಆ ಚಿವುಟಿದ ನೋವನ್ನು ಗರ್ಟ್ರೂಡ್ ಸಮುದ್ರ ದಾಟಿಸಿ ತಂದಿದ್ದಳು, ತನಗೇ ಗೊತ್ತಿಲ್ಲದೆ.

ಚಹಾ ಬಿಡುವು ಸಿಕ್ಕಿದ್ದೇ ಕಾರಿಡಾರಿಗೆ ಓಡಿ ಚಿನ್ನಮ್ಮನಿಗೆ ಫೋನ್ ಮಾಡಿದಳು.

"ಇವತ್ತು ಮಧ್ಯಾಹ್ನ ಎಷ್ಟು ತಟ್ಟೆ ಹೋಗ್ತದೆ, ಎಣಿಸು."

"ಅಯ್ಯೋ ಅಕ್ಕ! ಉಣ್ಣೋರ್ನ ಎಣ್ಸೋದಾ? ಚೆನ್ನಾಗಿರುತ್ತಾ?"

"ನಾನೇ ಹೇಳ್ತಾ ಇದ್ದೇನಲ್ಲ ಮಾರಾಯ್ತಿ! ಮತ್ತೆ ಕೇಳು. ಫ್ರಂಟ್ ಡೆಸ್ಕ್‌ನಲ್ಲಿ ವಿಸಿಟರ್ಸ್ ಬುಕ್ ಉಂಟು, ಬಂದ ಟೈಮು ಹೋದ ಟೈಮು ಎಲ್ಲ ಅದರಲ್ಲಿ ಇರ್ತದೆ. ಹೋದ ತಿಂಗಳು ಊಟದ ಹೊತ್ತಿಗೆ ಯಾರ್ಯಾರು ಇದ್ರು, ತೆಗಿ. ಯಾರಿಗೆ ಯಾವಾಗ ಡ್ಯೂಟಿ ಅಂತ ಸ್ಟಾಫ್ ರೋಸ್ಟರೂ ತೆಗಿ."

"ತಿಂಗಳಿಡೀದಾ? ನಿಮ್ಗೇನೋ ಆಗಿದೆ ಅಕ್ಕ."

ಫೋನ್ ಇಟ್ಟಾಗ ಪಕ್ಕದಲ್ಲಿ ಒಬ್ಬ ತರುಣ ಕಾಫಿ ಹಿಡಿದು ನಗುತ್ತಿದ್ದ. ಹುಬ್ಬಳ್ಳಿಯ ಸುಧನ್ವ. ಓದಲು ಬಂದು, ಕಾಯಂ ಆಗಿ ನೆಲೆಸುವ ಪಿಆರ್ ಪರವಾನಗಿ ಸಿಕ್ಕ ಮೇಲೆ ಅಲ್ಲೇ ಚಾಟ್ಸ್‌ವುಡ್‌ನಲ್ಲಿ ಐಟಿ ಟೀಮ್ ಲೀಡರ್ ಆಗಿದ್ದ; ಅವನನ್ನೂ ಇದೇ ತರಬೇತಿಗೆ ಕಳಿಸಿದ್ದರು.

"ಸಿಡ್ನಿಯೊಳಗ ಮಾರಾಯ್ತಿ ಅನ್ನೂದು ಕೇಳಿ ಭಾಳ ದಿನಾ ಆಗಿತ್ತು ನೋಡ್ರಿ ಆಂಟಿ. ಯಾರನ್ನ ಎಣಸಾಕ್ ಹಚ್ಚೀರಿ?"

ಅಪರಿಚಿತರ ಬಳಿ ಅಳೆದು ಮಾತಾಡುವ ಗರ್ಟ್ರೂಡ್, ಅಂದು ಇಡೀ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮರುದಿನ ಊಟದ ಬಿಡುವಿಗೆ ಸ್ವಲ್ಪ ಮೊದಲು ಚಿನ್ನಮ್ಮನ ಫೋನ್ ಬಂತು. ದಿನಕ್ಕೆ ಸರಾಸರಿ ಸ್ಟಾಫ್ ಹದಿನಾಲ್ಕು, ಬಂದವರು ಹತ್ತು. ಗರ್ಟ್ರೂಡ್ ಕೂಡಿಸಿದಳು: ಎಪ್ಪತ್ತೆರಡು. ಮುನ್ನೂರ ಅರವತ್ತನ್ನು ಅದರಿಂದ ಭಾಗಿಸಿದಳು. ಕ್ಯಾಲ್ಕ್ಯುಲೇಟರ್ ಐದು ಎಂದು ತೋರಿಸಿತು. ಅಳಿಸಿ ಮತ್ತೊಮ್ಮೆ ಒತ್ತಿದಳು. ಐದೇ!

"ಐದು ಡಾಲರ್ ಸುಧನ್ವ! ಕಂಪನಿಗಿಂತ ಒಂದು ಕಡಿಮೆ!" ಊಟಕ್ಕೆ ಹೋದ ಫುಡ್ ಕೋರ್ಟಿನಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಸುಧನ್ವ ನೂಡಲ್ಸ್ ಬದಿಗಿಟ್ಟು ಬೆನ್ನು ನೆಟ್ಟಗೆ ಮಾಡಿದ. "ತಡೀರಿ. ನಾನೀಗ ಎಡ್ವರ್ಡ್. ಆ ಕಂಪನಿಗೆ ನಾನು ನಲವತ್ತೆಂಟು ತಟ್ಟಿಗಷ್ಟ ರೊಕ್ಕಾ ಕೊಡ್ತೀನಿ. ಆರರಂಗ ಎರಡುನೂರಾ ಎಂಬತ್ತೆಂಟು. ನಿಮಗ ಮುನ್ನೂರಾ ಅರವತ್ತು. ಬಿಟ್ಟಿ ಉಂಡೋರನ್ನ ಎಣಿಸಿ ನನಗೇನ್ ತೋರಸ್ತೀರಿ ಆಂಟಿ?"

ಗರ್ಟ್ರೂಡ್‌ಳ ಮುಖದ ರಂಗೆಲ್ಲ ಇಳಿದುಹೋಯಿತು. ಅವನು ಹೇಳಿದ್ದು ಸರಿಯಾಗಿತ್ತು. ಇಬ್ಬರೂ ಕ್ಲಾಸಿನತ್ತ ಹಿಂತಿರುಗಿ ನಡೆದರು. ರಸ್ತೆ ದಾಟುವ ಸಿಗ್ನಲ್ಲಿನಲ್ಲಿ ದೀಪದ ಹಸಿರು ಮನುಷ್ಯ ಬಂದ, ಹೋದ. ಅವಳು ದಾಟಲೇ ಇಲ್ಲ.

"ಆಂಟಿ?"

"ಸ್ಟಾಫ್ ಬಿಟ್ಟಿ ಊಟ ಮಾಡುದಲ್ಲ!" ಅವಳು ಅವನ ತೋಳು ಹಿಡಿದಳು. "ಕೆಲಸದ ಅಗ್ರಿಮೆಂಟಲ್ಲಿ ಉಂಟು. ಮೂರನೇ ಪುಟ. ಮಧ್ಯಾಹ್ನ ಡ್ಯೂಟಿಯಲ್ಲಿ ಇದ್ದವರಿಗೆ ಊಟ ಮನೆಯೇ ಕೊಡ್ಬೇಕು ಅಂತ. ಸೇರುವಾಗ ನಾನು ಒಂದೊಂದು ಸಾಲೂ ಎರಡೆರಡು ಸಲ ಓದಿದ್ದೆ, ಎಲ್ಲರೂ ನಗಾಡಿದ್ರು. ಕಂಪನಿ ಬಂದ್ರೆ ಅವರಿಗೂ ಪ್ಯಾಕೆಟ್ ತಗೊಳ್ಬೇಕಲ್ವಾ? ನಲವತ್ತೆಂಟಲ್ಲ, ಅರವತ್ತೆರಡು!"

ಸುಧನ್ವ ಗಾಳಿಯಲ್ಲೇ ಬೆರಳಾಡಿಸಿ ಗುಣಿಸಿದ. "ಮುನ್ನೂರಾ ಎಪ್ಪತ್ತೆರಡು! ನಿಮ್ಮದಕಿಂತ ಹನ್ನೆರಡು ಜಾಸ್ತಿ! ಅದೂ ಆ ಹತ್ತು ಮಂದಿ ಊಟಾ ನಿಮ್ಮದ್ರಾಗ ಸೇರಿ!" ಅವನು ರಸ್ತೆಯಲ್ಲೇ ಚಪ್ಪಾಳೆ ತಟ್ಟಿದ. "ಎಡ್ವರ್ಡ್ ಸೋತ ಆಂಟಿ. ನಡೀರಿ, ಸಿಗ್ನಲ್ ಬಂತು."

ಶುಕ್ರವಾರ ಹತ್ತು ಗಂಟೆಗೆ ಮೆಲ್ಬರ್ನ್ ನಗರದ ಆಫೀಸಿನಲ್ಲಿ ಗರ್ಟ್ರೂಡ್ ಎಡ್ವರ್ಡ್‌ನ ಎದುರು ಕೂತಳು. ಒಳಗೆ ಏನೋ ಕುಣಿಯುತ್ತಿತ್ತು. ಹೆದರಿಕೆಯೂ ಸಂತೋಷವೂ ಒಟ್ಟಿಗೇ ಬಂದರೆ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ಅಡ್ಡಕ್ಕೊಂದು ಗೆರೆ ಎಳೆದು ಶುರುಮಾಡಿದಳು. ವಿಸಿಟರ್ಸ್ ಬುಕ್ಕಿನ ಲೆಕ್ಕ ಇಟ್ಟಳು, ರೋಸ್ಟರ್ ಇಟ್ಟಳು, ಅಗ್ರಿಮೆಂಟಿನ ಮೂರನೆಯ ಪುಟ ಇಟ್ಟಳು.

ಎಡ್ವರ್ಡ್ ತಾನೇ ಒಂದು ಸಲ ಲೆಕ್ಕ ಹಾಕಿದ. ಇನ್ನೊಂದು ಸಲ ಹಾಕಿದ. ಆಮೇಲೆ ಕನ್ನಡಕ ತೆಗೆದ.

"ಈ ಹತ್ತು ತಟ್ಟೆ. ಕೊಡಲು ಯಾರು ಒಪ್ಪಿಗೆ ಕೊಟ್ಟರು?"

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳು ವಿಮಾನದಲ್ಲಿ ದಾರಿಯಿಡೀ ಯೋಚಿಸಿದ್ದಳು. ಹತ್ತನ್ನು ಹೇಳದೆ ಬಿಡಬಹುದಿತ್ತು. ಅರವತ್ತೆರಡರಲ್ಲೇ ಅವಳು ಗೆಲ್ಲುತ್ತಿದ್ದಳು. ಬಿಟ್ಟಿರಲಿಲ್ಲ.

"ಯಾರೂ ಇಲ್ಲ. ನಾನೇ ಕೊಟ್ಟೆ. ಬರೆದಿಡದೆ ಇದ್ದದ್ದು ನನ್ನ ತಪ್ಪು, ಅದಕ್ಕೆ ಕ್ಷಮಿಸಿ. ಕೊಟ್ಟದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಮಗಳು ಜೊತೆಗೆ ಕೂತು ಉಂಡ ದಿನ ತಾಯಿಯ ತಟ್ಟೆ ಖಾಲಿಯಾಗಿ ವಾಪಸು ಬರುತ್ತದೆ. ಬೇರೆ ದಿನ ಅರ್ಧ ಊಟ ಕಸದ ಡಬ್ಬಿಗೆ ಹೋಗುತ್ತದೆ. ನೋಡಿಕೊಂಡು ಬಂದವಳು ನಾನು."

ಎಡ್ವರ್ಡ್ ಕಿಟಕಿಯ ಹೊರಗೆ ಟ್ರಾಮ್ ತಿರುಗುವುದನ್ನು ನೋಡಿದ. ಗರ್ಟ್ರೂಡ್ ಅವನ ತುಟಿಯನ್ನೇ ನೋಡಿದಳು.

"ಹಣಕಾಸು ವರ್ಷ ಮುಗಿಯುವ ಬರುವ ಜೂನ್ ತನಕ ಅಡುಗೆಮನೆ ಇರಲಿ," ಎಂದ. "ಆದರೆ ಪ್ರತಿ ತಟ್ಟೆಯನ್ನೂ ಬರೆಯಬೇಕು. ನಾನು ಊಟಕ್ಕೆ ಬಂದರೆ ನನ್ನದನ್ನೂ."

ಮೆಟ್ಟಿಲಿಳಿಯುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಸುಧನ್ವನಿಗೆ "ಎಡ್ವರ್ಡ್ ಸೋತ" ಎಂದಷ್ಟೇ ಮೆಸೇಜ್ ಮಾಡಿದಳು.

ಸೋಮವಾರ ಊಟ ಬಡಿಸುವ ಕಿಂಡಿಯ ಪಕ್ಕದಲ್ಲಿ ಹೊಸ ನೋಟ್‌ಬುಕ್ ಬಂತು. ತಟ್ಟೆ ಹೋದಂತೆಲ್ಲ ಚಿನ್ನಮ್ಮ ಗೊಣಗುತ್ತಾ ಗೆರೆ ಹಾಕಿದಳು. ಗರ್ಟ್ರೂಡ್‌ಳ ತೊಡೆ ಒಂದೆರಡು ಸಲ ಚುರುಗುಟ್ಟಿತು, ಆಮೇಲೆ ಸುಮ್ಮನಾಯಿತು. ಎರಡು ಗಂಟೆಗೆ ಕೂಡಿಸಿದರೆ ಆ ದಿನವೂ ಸರಿಯಾಗಿ ಎಪ್ಪತ್ತೆರಡು.

ಚಿನ್ನಮ್ಮ ಇಬ್ಬರಿಗೂ ಅನ್ನ ಸಾರು ಹಾಕಿಕೊಂಡು ಬಂದಳು. "ಅಕ್ಕ, ನಮ್ದು ಬರ್ದ್ರಾ?"

ಗರ್ಟ್ರೂಡ್ ಅವಳನ್ನು ನೋಡಿದಳು. ಅಡುಗೆಯವರ ಹೆಸರು ಆ ರೋಸ್ಟರಿನಲ್ಲಿ ಇರಲೇ ಇಲ್ಲ! ಇಷ್ಟು ವರ್ಷ ಇಬ್ಬರೂ ಅಲ್ಲೇ ಉಂಡಿದ್ದರು. ಎಪ್ಪತ್ತೆರಡಲ್ಲ, ಎಪ್ಪತ್ತನಾಲ್ಕು. ಐದೂ ಅಲ್ಲ, ನಾಲ್ಕು ಡಾಲರ್ ಎಂಬತ್ತಾರು ಸೆಂಟ್. ಅವಳು ಎರಡು ಗೆರೆ ಎಳೆದು, ಎಡ್ವರ್ಡ್‌ಗೆ ಈಗಲೇ ಹೇಳಬೇಕೆಂದು ಫೋನಿನತ್ತ ಎದ್ದಳು.

"ಮೊದ್ಲು ಊಟ ಮಾಡಿ ಅಕ್ಕ," ಎಂದಳು ಚಿನ್ನಮ್ಮ, ಸೆರಗು ಹಿಡಿದು ಕೂರಿಸುವವಳಂತೆ ಅವಳ ಏಪ್ರನ್ ಎಳೆಯುತ್ತಾ. "ಬರ್ದಾಯ್ತಲ್ಲ."