ಕೆಳಗಿನ ಖಾನೆಯ ಚೀಲ

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವಳನ್ನು ಎಲ್ಲರೂ ಫ್ರೀಜರ್ ಅಕ್ಕ ಎಂದೇ ಕರೆಯುತ್ತಿದ್ದರು. ಕೋಣೆಯ ಹಾಗೆ ಮನುಷ್ಯಳೂ ತಣ್ಣಗೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರಿದ್ದರು. ಅದು ಅವಳ ಕಿವಿಗೆ ಬಿದ್ದಿತ್ತು, ತಲೆ ಕೆಡಿಸಿಕೊಂಡಿರಲಿಲ್ಲ. ಹದಿನಾಲ್ಕು ವರ್ಷದಿಂದ ನೆಲಮಾಳಿಗೆಯ ಆ ಕೋಣೆ ಅವಳ ಸುಪರ್ದಿನಲ್ಲಿತ್ತು. ಸೊಂಟದೆತ್ತರದ ಆರು ಉಕ್ಕಿನ ಟ್ಯಾಂಕುಗಳು, ಅವುಗಳೊಳಗೆ ಬಿಳಿ ಹೊಗೆಯಾಡುವ ದ್ರವ ಸಾರಜನಕ, ಅದರಲ್ಲಿ ಇಳಿಬಿಟ್ಟ ಉದ್ದನೆಯ ರ್ಯಾಕುಗಳು, ಒಂದೊಂದು ರ್ಯಾಕಿಗೂ ಒಂದರ ಕೆಳಗೊಂದು ನಾಲ್ಕು ಖಾನೆ, ಖಾನೆಗೊಂದು ಅಂಗೈಯಗಲದ ಚೀಲ. ಇಷ್ಟೇ ಅವಳ ಸಂಸಾರ ಎಂದು ತಮ್ಮ ಗೇಲಿ ಮಾಡುತ್ತಿದ್ದ.

ಚೀಲದೊಳಗೆ ಇರುತ್ತಿದ್ದದ್ದು ರೋಗಿಯದೇ ಮೂಲಕಣಗಳು, ಅಂದರೆ ರಕ್ತವನ್ನು ಹುಟ್ಟಿಸುವ ಕಣಗಳು. ಅವನ್ನು ಮೈಯಿಂದ ತೆಗೆದು, ಮೇಲಿನ ಮಹಡಿಯ ಲ್ಯಾಬಿನಲ್ಲಿ ಜೀನಿನೊಳಗಿನ ತಪ್ಪನ್ನು ತಿದ್ದಿ, ಚೀಲಕ್ಕೆ ತುಂಬಿ ಕೆಳಗೆ ಕಳಿಸುತ್ತಿದ್ದರು. ತಿದ್ದಿದ್ದು ಸರಿಯಾಗಿದೆಯೇ, ಮುಟ್ಟಬಾರದ್ದನ್ನೇನಾದರೂ ಮುಟ್ಟಿಬಿಟ್ಟಿದ್ದಾರೆಯೇ ಎಂದು ಪರೀಕ್ಷೆಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಚೀಲ ಅಕ್ಕನ ಜವಾಬ್ದಾರಿ. ಆಮೇಲೆ ರೋಗಿಗೆ ಘೋರವಾದ ಔಷಧ ಕೊಟ್ಟು, ಮೂಳೆಯೊಳಗಿನ ಹಳೆಯ ಮಜ್ಜೆಯನ್ನೆಲ್ಲ ಗುಡಿಸಿ ಹಾಕಿ, ಖಾಲಿಯಾದ ಜಾಗಕ್ಕೆ ಚೀಲದ ಕಣಗಳನ್ನು ಹರಿಸುವುದು. ಅವು ಅಲ್ಲಿ ನೆಲೆಯೂರಿದರೆ ಹುಟ್ಟಿನಿಂದ ಬಂದ ಕಾಯಿಲೆಗೆ ಅಲ್ಲಿಗೆ ಮಂಗಳ.

ತಮ್ಮನ ಕಾಯಿಲೆಯೂ ಹುಟ್ಟಿನಿಂದಲೇ ಬಂದದ್ದು. ರಕ್ತದ ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೈಯೆಲ್ಲ ಹಿಂಡುವ ನೋವು. ಅವನು ಅಂಗಡಿಗಳ ಬೋರ್ಡು ಬರೆಯುವವನು. ಮನೆಯವರಿಗೂ ಅವನು ಪೇಂಟರೇ. ಎಷ್ಟೋ ಸಲ ಏಣಿಯ ಮೇಲೆ ಅರ್ಧ ಅಕ್ಷರ ಬರೆದಿರುವಾಗಲೇ ನೋವು ಬಂದು, ಬ್ರಷ್ಷು ಬಿಟ್ಟು, ಏಣಿಯನ್ನೇ ತಬ್ಬಿಕೊಂಡು ನಿಂತಿದ್ದಾನೆ. ಈ ಕಾಯಿಲೆ ಬರಬೇಕಾದರೆ ಅಪ್ಪನ ಕಡೆಯಿಂದ ಅರ್ಧ, ಅಮ್ಮನ ಕಡೆಯಿಂದ ಅರ್ಧ ಸೇರಬೇಕು. ಅಕ್ಕನಿಗೆ ಸಿಕ್ಕಿದ್ದು ಅರ್ಧ ಮಾತ್ರ, ಹಾಗಾಗಿ ಅವಳು ಗಟ್ಟಿಮುಟ್ಟು. ಡಾಕ್ಟರು ಇದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದರು. ಆದರೂ ಅಪ್ಪನ ತಂಗಿ, ಅಂದರೆ ಅತ್ತೆ, ತನ್ನ ತವರಿನವರ ರಕ್ತ ಅಪ್ಪಟ ಚಿನ್ನ, ಈ ಅನಿಷ್ಟವೆಲ್ಲ ಅತ್ತಿಗೆ ತಂದದ್ದು ಎಂದು ಮೂವತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದಳು. ಅಮ್ಮ ಎದುರಾಡುತ್ತಿರಲಿಲ್ಲ. ಕೇಳಿ ಕೇಳಿ ಅಮ್ಮನೂ ಅದನ್ನೇ ನಂಬಿಬಿಟ್ಟಿದ್ದಳು.

ಈ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ತಮ್ಮ ಆಯ್ಕೆಯಾದಾಗ ಅಕ್ಕ ಮಾಡಿದ ಮೊದಲ ಕೆಲಸ ಒಂದು ಸುಳ್ಳು. ನಿಮ್ಮ ರಕ್ತಸಂಬಂಧಿಗಳು ಯಾರಾದರೂ ಈ ಪ್ರಯೋಗದಲ್ಲಿದ್ದಾರೆಯೇ ಎಂದು ಸಿಬ್ಬಂದಿಯ ನಮೂನೆಯಲ್ಲಿ ಕೇಳಿದ್ದರು. ಹೌದು ಎಂದರೆ ಅವಳನ್ನು ಬೇರೆ ಕಡೆ ಹಾಕುತ್ತಿದ್ದರು. ತಮ್ಮನ ಚೀಲವನ್ನು ಯಾವನೋ ಹೊಸಬನ ಕೈಗೆ ಒಪ್ಪಿಸುವುದುಂಟೇ? ಅವಳು ಇಲ್ಲ ಎಂದು ಗುರುತು ಹಾಕಿದಳು. ಚೀಲದ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ ಮತ್ತು ಕಣ ತೆಗೆದ ತಾರೀಕು. ತಮ್ಮನ ಮೈಯಿಂದ ಕಣ ತೆಗೆದ ದಿನ ಅವಳು ರಜೆ ಹಾಕಿ ಅವನ ಪಕ್ಕದಲ್ಲಿ ಕೂತಿದ್ದಳು. ತಿದ್ದಿ ಬಂದವುಗಳಲ್ಲಿ ಆ ತಾರೀಕಿನದು ಇದ್ದದ್ದು ಒಂದೇ ಚೀಲ. ಅದನ್ನು ಅವಳು ಮೂರನೇ ಟ್ಯಾಂಕಿನಲ್ಲಿ, ಎಲ್ಲಕ್ಕಿಂತ ತಣ್ಣಗಿರುವ ಕೆಳಗಿನ ಖಾನೆಯಲ್ಲಿಟ್ಟಳು. ಇಟ್ಟು ಮುಚ್ಚಳ ಹಾಕಿ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸುಮ್ಮನಿರಲಾಗಲಿಲ್ಲ. ಮರುದಿನ ಬಂದವಳೇ ಒಂದು ಸಲ ನೋಡಿದಳು. ಚೀಲ ಬಿರುಕು ಬಿಟ್ಟಿರಬಹುದೇ, ಚೀಟಿ ಉದುರಿರಬಹುದೇ ಎಂಬ ಆತಂಕ. ಕೆಳಗಿನ ಖಾನೆ ಕಾಣಬೇಕಾದರೆ ರ್ಯಾಕನ್ನು ಪೂರ್ತಿ ಮೇಲಕ್ಕೆ ಎತ್ತಲೇಬೇಕು. ದಪ್ಪ ಕೈಗವಸು ಹಾಕಿಕೊಂಡು ಎತ್ತಿದಳು, ನೋಡಿದಳು, ಇಳಿಸಿದಳು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಮನಸ್ಸು ನಿರಾಳವಾಯಿತು. ಆ ನಿರಾಳ ಸಂಜೆಯವರೆಗೂ ಬಾಳಲಿಲ್ಲ, ಮನೆಗೆ ಹೊರಡುವ ಮುಂಚೆ ಇನ್ನೊಂದು ಸಲ ಎತ್ತಿದಳು. ಅಲ್ಲಿಂದ ಮುಂದೆ ಅದೇ ಅಭ್ಯಾಸವಾಯಿತು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ. ತೊಟ್ಟಿಲಲ್ಲಿ ಮಲಗಿದ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಬಗ್ಗಿ ನೋಡುತ್ತಾರಲ್ಲ, ಹಾಗೆ. ಅಗತ್ಯವಿಲ್ಲದೆ ರ್ಯಾಕು ಎತ್ತಬಾರದು ಎಂಬ ನಿಯಮ ಅವಳಿಗೆ ಬಾಯಿಪಾಠವಾಗಿತ್ತು, ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ಅವಳು. ಆದರೆ ತನ್ನದು ಅಗತ್ಯವಲ್ಲ ಎಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ.

ಇನ್ನೂ ವಿಚಿತ್ರವೆಂದರೆ ಅವಳು ಕದ್ದು ಮಾಡಲಿಲ್ಲ. ರ್ಯಾಕು ಎತ್ತಿದಾಗಲೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು, ಬರೆದಳು. ಕಾರಣದ ಕಾಲಂನಲ್ಲಿ ‘ಪರಿಶೀಲನೆ’ ಎಂದು ಬರೆದಳು. ವಾರಕ್ಕೊಮ್ಮೆ ಗುಣಮಟ್ಟದ ಅಧಿಕಾರಿ ಬಂದು ಪುಟದ ಕೆಳಗೆ ಸಹಿ ಹಾಕುತ್ತಿದ್ದರು. ಸಹಿ ಸಾಹೇಬರು ಎಂದೇ ಅವರಿಗೆ ಹೆಸರು. ಫೋನಿನಲ್ಲಿ ಮಾತಾಡುತ್ತಲೇ ಪುಟ ತಿರುಗಿಸಿ, ಸಹಿ ಎಳೆದು, ಹೋಗುತ್ತಾ ಹೋಗುತ್ತಾ ಚೆನ್ನಾಗಿದೀರಾ ಎಂದು ವಿಚಾರಿಸುವ ಸಜ್ಜನ. ಮೂರು ತಿಂಗಳಲ್ಲಿ ಅಕ್ಕ ಆ ರ್ಯಾಕನ್ನು ಎತ್ತಿದ್ದು ನೂರಾ ಐವತ್ತಕ್ಕೂ ಹೆಚ್ಚು ಸಲ. ಪುಟಪುಟಕ್ಕೂ ಸಾಹೇಬರ ಸಹಿ ಬಿದ್ದಿತ್ತು.

ತಮ್ಮನಿಗೆ ಔಷಧ ಕೊಟ್ಟರು. ಕೂದಲು, ಹುಬ್ಬು ಎಲ್ಲ ಉದುರಿತು. ಬಾಯೊಳಗೆ ಹುಣ್ಣಾಗಿ ಎಂಜಲು ನುಂಗಲೂ ಆಗದೆ ಒದ್ದಾಡಿದ. ಮುಂದೆ ಮಕ್ಕಳಾಗುವುದು ಅನುಮಾನ ಎಂದು ಮೊದಲೇ ಹೇಳಿ ರುಜು ಹಾಕಿಸಿಕೊಂಡಿದ್ದರು. ನೋವು ಹೋದರೆ ಸಾಕು, ಮಿಕ್ಕಿದ್ದು ದೇವರಿಗೆ ಬಿಟ್ಟದ್ದು ಎಂದಿದ್ದ. ಚೀಲದ ಕಣಗಳನ್ನು ಹರಿಸಿದ ದಿನ ಅಮ್ಮ ಗಾಜಿನಾಚೆ ನಿಂತು ಕೈಮುಗಿದಳು. ಎರಡು ವಾರವಾಯಿತು, ಮೂರಾಯಿತು, ಐದಾಯಿತು. ದಿನವೂ ರಕ್ತ ಪರೀಕ್ಷೆ, ದಿನವೂ ಸೊನ್ನೆ. ಕೊನೆಗೆ ಪ್ರಾಣ ಉಳಿಸಿಕೊಳ್ಳಲು, ಆಪತ್ತಿಗಿರಲಿ ಎಂದು ಬೇರೆ ಟ್ಯಾಂಕಿನಲ್ಲಿಟ್ಟಿದ್ದ ಅವನ ತಿದ್ದದ ಹಳೆಯ ಕಣಗಳನ್ನೇ ವಾಪಸು ಕೊಟ್ಟರು. ಅವು ಕ್ಷಣ ತಡಮಾಡದೆ ಕೆಲಸಕ್ಕೆ ಇಳಿದವು, ಜೊತೆಗೆ ಕಾಯಿಲೆಯನ್ನೂ ತಂದವು. ಪೇಂಟರು ಬೋಳು ತಲೆ ಹೊತ್ತುಕೊಂಡು, ಎಲ್ಲಿಂದ ಹೊರಟಿದ್ದನೋ ಅಲ್ಲಿಗೇ ಬಂದು ನಿಂತ.

ಪ್ರಯೋಗದ ಮುಖ್ಯಸ್ಥೆ ಡಾಕ್ಟರ್ ಮೇಡಂ ಕೆಟ್ಟವರಲ್ಲ. ಚೀಲದ ಜೊತೆ ಮಾದರಿಗೆಂದು ಇಟ್ಟಿದ್ದ ಸಣ್ಣ ನಳಿಕೆಯ ಕಣಗಳನ್ನು ಪರೀಕ್ಷಿಸಿದರು. ಐದರಲ್ಲಿ ನಾಲ್ಕು ಪಾಲು ಸತ್ತಿದ್ದವು. ಶೇಖರಣೆಯಲ್ಲಿ ಏನಾದರೂ ಎಡವಟ್ಟಾಗಿದೆಯೇ ನೋಡಿ ಎಂದು ಸಹಿ ಸಾಹೇಬರಿಗೆ ಹೇಳಿದರು. ಸಾಹೇಬರು ಅಂದು ಮೊದಲ ಬಾರಿಗೆ ಆ ರಿಜಿಸ್ಟರನ್ನು ಓದಿದರು.

ಬಾಗಿಲು ಹಾಕಿಕೊಂಡು ಅಕ್ಕನನ್ನು ಕರೆಸಿದರು. ಒಂದೊಂದು ಸಲ ಹೊರಗಿನ ಬಿಸಿ ತಗಲಿದಾಗಲೂ ಚೀಲದಲ್ಲಿ ಒಂದಷ್ಟು ಕಣ ಸಾಯುತ್ತವೆ, ನೂರೈವತ್ತು ಸಲ ಎಂದರೆ ಇನ್ನೇನು ಉಳಿಯುತ್ತದೆ ಎಂದು ಕೇಳಿದರು. ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಅವನು ನನ್ನ ತಮ್ಮ ಸಾರ್ ಎಂದು ಅವಳೇ ಬಾಯಿಬಿಟ್ಟಳು. ಸಾಹೇಬರ ಮುಖದ ಮೇಲೆ ಮೂಡಿದ್ದು ಕನಿಕರವಲ್ಲ, ಸಮಾಧಾನ. ಸಿಕ್ಕಿಬಿದ್ದವರು ಇಬ್ಬರಾದರು.

“ನೋಡಮ್ಮ, ನಿಮ್ಮ ಸುಳ್ಳು ಆ ನಮೂನೇಲಿದೆ, ನನ್ನ ಸಹಿ ಈ ರಿಜಿಸ್ಟರಲ್ಲಿದೆ. ಇದು ಹೊರಗೆ ಬಂದ್ರೆ ಇಡೀ ಪ್ರಯೋಗಾನೇ ನಿಲ್ಲಿಸ್ತಾರೆ. ಕಾಯ್ತಾ ಇರೋ ಜನದ ಗತಿ ಏನು, ನೀವೇ ಯೋಚನೆ ಮಾಡಿ.”

ಜನದ ನೆಪ ಎಷ್ಟು ಸುಲಭವಾಗಿ ಒದಗಿಬರುತ್ತದೆ ನೋಡಿ. ಸಾಹೇಬರು ಬೀರುವಿನಿಂದ ಒಂದು ಖಾಲಿ ರಿಜಿಸ್ಟರು ತೆಗೆದುಕೊಟ್ಟರು. ಅಕ್ಕ ಒಂದು ಮಧ್ಯಾಹ್ನ ಕೂತು, ಆ ನೂರೈವತ್ತು ‘ಪರಿಶೀಲನೆ’ಗಳನ್ನು ಬಿಟ್ಟು, ಮೂರು ತಿಂಗಳನ್ನು ಹೊಸದಾಗಿ ಬರೆದಳು. ಒಂದೇ ಶಾಯಿ ಕಾಣಬಾರದೆಂದು ಮೂರು ಪೆನ್ನು ಬದಲಾಯಿಸಿದಳು. ಮೇಲೆ ಲ್ಯಾಬಿನಲ್ಲಿ ಜೀನು ತಿದ್ದುವವರೂ ಇಷ್ಟು ಮುತುವರ್ಜಿಯಿಂದ ತಿದ್ದಿರಲಾರರು. ಸಾಹೇಬರು ಸಹಿ ಹಾಕುತ್ತಾ ಬಂದರು, ಈ ಸಲ ಪ್ರತಿ ಸಾಲನ್ನೂ ಓದಿ.

ದಾಖಲೆ ಸರಿಯಾಗಿದೆ ಎಂದ ಮೇಲೆ ಡಾಕ್ಟರ್ ಮೇಡಂಗೆ ಉಳಿದದ್ದು ಒಂದೇ ಉತ್ತರ. ತಮ್ಮನ ಹಾಸಿಗೆಯ ಪಕ್ಕ ಕೂತು, ನಿಮ್ಮ ಕಣಗಳೇ ಬಹಳ ದುರ್ಬಲ, ತಿದ್ದುವ ಹೊಡೆತ ತಡೆಯಲಿಲ್ಲ, ಇದು ನಿಮ್ಮೊಬ್ಬರ ರಕ್ತದ ವಿಶೇಷ ಎಂದರು. ತಮ್ಮ ನಕ್ಕು, ನಮ್ಮತ್ತೆಗೆ ಇದನ್ನ ಬರೆದುಕೊಡಿ, ಫ್ರೇಮ್ ಹಾಕಿಸ್ತಾಳೆ ಎಂದ.

ಅಕ್ಕ ರಜೆ ಹಾಕಿ ಅವನನ್ನು ಮನೆಗೆ ಕರೆತಂದಳು. ಗಂಜಿ ಕಾಯಿಸಿದಳು, ಮೈ ಒರೆಸಿದಳು, ರಾತ್ರಿ ಅವನು ನರಳಿದರೆ ಎದ್ದು ಕಾಲೊತ್ತಿದಳು. ಒಂದೆರಡು ತಿಂಗಳಾದ ಮೇಲೆ ಅತ್ತೆ ನೋಡಲು ಬಂದಳು. ಬಂದವಳು ಸುಮ್ಮನೆ ಹೋಗುವಳೇ? ದೊಡ್ಡ ದೊಡ್ಡ ಡಾಕ್ಟರಿಗೇ ತಿದ್ದಲಾಗದ ರಕ್ತ ಎಂದು ಅಮ್ಮನ ಎದುರೇ ಅಂದು, ಕಾಫಿ ಕುಡಿದು, ಎದ್ದು ಹೋದಳು. ಅಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ, ಲೋಟ ತೊಳೆಯುತ್ತಾ ತೊಳೆಯುತ್ತಾ ಮಗಳಿಗೆ ಹೇಳಿದಳು.

“ಅವಳು ಹೇಳೋದ್ರಲ್ಲಿ ತಪ್ಪೇನಿದೆ ಬಿಡು. ನನ್ನ ಹೊಟ್ಟೇಲಿ ಹುಟ್ಟದೆ ಇದ್ದಿದ್ರೆ ಅವನು ಚೆನ್ನಾಗಿರ್ತಿದ್ದ.”

ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಸೀದಾ ತಮ್ಮನ ಕೋಣೆಗೆ ಹೋದಳು. ಅವನು ದಿಂಬಿಗೆ ಒರಗಿ ಫೋನಿನಲ್ಲಿ ಯಾರಿಗೋ ಬರೆಯುತ್ತಿದ್ದ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ನಮೂನೆಯಲ್ಲಿ ಹೇಳಿದ ಸುಳ್ಳು, ದಿನಕ್ಕೆರಡು ಸಲ ಎತ್ತಿ ನೋಡಿದ್ದು, ಹೊಸ ರಿಜಿಸ್ಟರು, ಯಾವುದನ್ನೂ ಬಿಡಲಿಲ್ಲ. ಅವನ ರಕ್ತದಲ್ಲಿ ದೋಷವಿರಲಿಲ್ಲ, ಅಮ್ಮನಲ್ಲೂ ಇರಲಿಲ್ಲ, ಇದ್ದದ್ದು ತನ್ನ ಕೈಯಲ್ಲಿ ಎಂದಳು. ಹೊಡೆಯಲಿ, ಬಯ್ಯಲಿ, ಮುಖಕ್ಕೆ ಉಗಿಯಲಿ ಎಂದು ಕಾದಳು.

ತಮ್ಮ ಫೋನನ್ನು ಹಾಸಿಗೆಯ ಮೇಲಿಟ್ಟ.

“ರ್ಯಾಕ್ ಪೂರ್ತಿ ಎತ್ತಬೇಕು ಅಂದ್ಯಲ್ಲ. ಅದರಲ್ಲಿ ಬೇರೆ ಯಾರದಾದ್ರೂ ಚೀಲ ಇತ್ತಾ?”

ಅಕ್ಕನಿಗೆ ಅಷ್ಟು ದಿನದಲ್ಲಿ ಒಂದು ಸಲವೂ ಅದು ಹೊಳೆದಿರಲಿಲ್ಲ. ಹದಿನಾಲ್ಕು ವರ್ಷ ಚೀಲ ಕಾದವಳಿಗೆ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ, ಆದರೆ ಅದೇ ನಿಜ. ಅವಳ ಕಣ್ಣು ಕೆಳಗಿನ ಖಾನೆಯನ್ನು ಬಿಟ್ಟು ಕದಲಿರಲಿಲ್ಲ. ಮೇಲಿನ ಮೂರು ಖಾನೆಗಳು ತಮ್ಮನ ಚೀಲ ಕಾಣಲು ದಾಟಿಹೋಗಬೇಕಾದ ಅಡ್ಡಿ ಮಾತ್ರ. ಮೂರಿತ್ತು ಎಂದಳು. ಎರಡು ಯಾರದೋ ಗೊತ್ತಿಲ್ಲ. ಅವನ ಚೀಲದ ಮೇಲಿನದು, ಅವನಿಗಿಂತ ಎರಡು ದಿನ ಆಮೇಲಿನ ತಾರೀಕಿನದು.

ಅವನಿಗಿಂತ ಎರಡು ದಿನ ಆಮೇಲೆ ಕಣ ತೆಗೆಸಿಕೊಂಡವಳು ಆಸ್ಪತ್ರೆಯಲ್ಲಿ ಪಕ್ಕದ ಕೋಣೆಯಲ್ಲಿದ್ದ, ನರ್ಸಿಂಗ್ ಓದುತ್ತಿದ್ದ ಹುಡುಗಿ. ನೆಗಡಿಯೆಂದು ಔಷಧವನ್ನು ಒಂದಷ್ಟು ವಾರ ಮುಂದೂಡಿದ್ದರು. ಅಷ್ಟರಲ್ಲಿ ಇವನದು ಕೈಕೊಟ್ಟದ್ದು ತಿಳಿದು ಹೆದರಿ, ತನಗೆ ಇದು ಬೇಡವೇ ಬೇಡ ಎಂದು ಕೂತಿದ್ದಳು.

“ನಾನೇ ಕಣೇ ಅಕ್ಕ, ಅವಳನ್ನ ಒಪ್ಪಿಸಿದ್ದು. ಕೆಟ್ಟಿರೋದು ನನ್ನ ರಕ್ತ, ನಿಂದಲ್ಲ, ಧೈರ್ಯವಾಗಿ ಹೋಗು ಅಂತ ವಾರಗಟ್ಟಲೆ ತಲೆ ತಿಂದೆ. ಔಷಧಿಯೆಲ್ಲ ಮುಗೀತಂತೆ, ಇನ್ನು ಚೀಲ ಹಾಕೋದೊಂದೇ ಬಾಕಿ. ಕೂದಲು ಹೋಯ್ತು ಅಂತ ಫೋಟೋ ಕಳಿಸಿದ್ಲು.”

ಅವನು ಅಳಲಿಲ್ಲ, ಕೂಗಾಡಲಿಲ್ಲ. ಫೋನು ಎತ್ತಿಕೊಂಡು ಡಾಕ್ಟರ್ ಮೇಡಂ ನಂಬರು ಒತ್ತಿ, ಅಕ್ಕನ ಕೈಗೆ ಕೊಟ್ಟು, ಹೇಳು ಎಂದ. ಅಕ್ಕ ಫೋನನ್ನು ಕಿವಿಗೆ ಹಿಡಿದಳು. ನಾಲ್ಕು ಸಲ ರಿಂಗಾಯಿತು. ಆಮೇಲೆ ಮೇಡಂ ದನಿ ಕೇಳಿಸಿತು, ಬಹಳ ದಿನದ ಮೇಲೆ ಹಗುರಾಗಿದ್ದ ದನಿ.

“ಪೇಂಟರೇ, ನಿಮಗೇ ಫೋನ್ ಮಾಡೋಣ ಅಂತಿದ್ದೆ. ನಿಮ್ಮ ಹುಡುಗಿಗೆ ಈಗ ತಾನೆ ಚೀಲ ಹಾಕಿ ಮುಗಿಸಿ ಬಂದೆ. ನೀವು ಹೇಳಿದ್ರಿ ಅಂತ ಒಂಚೂರೂ ಹೆದರಲಿಲ್ಲ ನೋಡಿ.”