ಹೂವಿಗಿಟ್ಟ ನೀರು

ವಾಸನೆ, ತೊಟ್ಟಿಯ ಮುಚ್ಚಳ ತೆಗೆದಾಗಿನಿಂದ ಮೂಗಿಗೆ ಹೊಡೆಯುತ್ತಿರುವ ಬ್ಲೀಚಿಂಗ್ ಪುಡಿಯ ವಾಸನೆ, ನನ್ನ ಮನೆಯ ವಾಸನೆ ಇದು — ಓಣಿಗೆ ವಾಂತಿಭೇದಿ ಬಂದ ವರ್ಷ ಮನೆಗೊಬ್ಬರು ದವಾಖಾನೆ ಸೇರಿದರು, ತೊಟ್ಟಿಗೆ ಪುಡಿ ಹಾಕಿದ್ದ ನಮ್ಮಲ್ಲಿ ಒಬ್ಬರೂ ಹಾಸಿಗೆ ಹಿಡಿಯಲಿಲ್ಲ, ನೀರು ಅಂದ್ರ ನಾಗಲಿಂಗಮ್ಮನ ಮನೀದು ಅಂತ ಓಣಿಯೇ ಅಂದಿತ್ತು, ಅಂದಿನಿಂದ ಪುರಸಭೆಯವರು ಪುಡಿ ಹಾಕಿಯೇ ಬಿಟ್ಟ ನೀರಿಗೆ ಮೇಲಿಂದ ನಂದೂ ಒಂದು ಹಿಡಿ, ಮೂಗಿಗೆ ಗೊತ್ತಾಗಬೇಕು, ಗೊತ್ತಾದರೇ ಶುದ್ಧ — ಮಡಿಲಲ್ಲಿ ಮಲ್ಲಿಗೆ, ಬೆರಳು ತನ್ನಷ್ಟಕ್ಕೆ ಕಟ್ಟುತ್ತಿದೆ, ಹಡಗಲಿಯಲ್ಲಿ ನನ್ನ ಮಾಲೆಯಷ್ಟು ಬಿಳುಪು ಯಾರದಿದೆ — ಮಗ ಕೊಟ್ರಸ್ವಾಮಿ ತೊಟ್ಟಿಯೊಳಗಿಂದ ಬಕೆಟ್ಟು ಎತ್ತಿಡುತ್ತಾನೆ, ಕರಿ ರಾಡಿ, ಕೊಳೆತ ಬೇವಿನ ಎಲೆ, ಇನ್ನೊಂದು ಬಕೆಟ್ಟು, ಮತ್ತೂ ಅದೇ, ಇದರ ಮೇಲೆಯೇ ಇಷ್ಟು ವರ್ಷ ಪುಡಿ ಸುರಿದೆನೇ, ಸೊಸೆ ಅರ್ಚನಾ ಕಟ್ಟೆಗೆ ಒರಗಿ ನಿಂತಿದ್ದಾಳೆ, ಆರು ತಿಂಗಳ ಬಸುರಿ, ಕೈಯಲ್ಲಿ ಲೋಟ, ನಿನ್ನೆ ತುಂಬಿಟ್ಟ ಅದೇ ನೀರು, ಒಂದು ಗುಟುಕಿಗೆ ಗಂಟಲು ಬಿಗಿಯುತ್ತದೆ, ಲೋಟ ಇಳಿಯುತ್ತದೆ — ನಿನ್ನೆ ಹೂವು ಒಯ್ಯಲು ಬಂದ ಪಕ್ಕದ ಮನೆ ಹಂಪಕ್ಕ ನಗುತ್ತಲೇ ಅಂದಳು, ನಿನ್ನ ಸೊಸಿ ದಿನಾ ನಮ್ಮನಿಗೆ ಬಂದು ನೀರು ಕುಡೀತಾಳಲ್ಲ ಯಕ್ಕ, ನಿಮ್ಮನ್ಯಾಗ ನೀರಿಗೂ ಬರ ಬಂತೇನು, ಮೊಗ್ಗು ಕೈಯಲ್ಲೇ ನುಚ್ಚಾಯಿತು, ನನ್ನ ಸೊಸೆ, ಹೊಟ್ಟೆಯಲ್ಲಿ ನನ್ನ ಮೊಮ್ಮಗು, ಮಂದಿ ಮನೆಯ ನೀರು —

ನಿನ್ನೆಯೇ ಅರ್ಚನಾನ ಕರೆದು ಕೇಳಿದೆ, ತಲೆ ತಗ್ಗಿಸಲಿಲ್ಲ ಹುಡುಗಿ, ಪುಡಿ ಬ್ಯಾಡ ಅನ್ನಲ್ರಿ ಅತ್ತಿ, ಪುಡಿ ಬೇಕು, ಆದ್ರ ತಳದ ರಾಡಿ ಎಲಿ ಜೋಡಿ ಪುಡಿ ಕೂಡಿದ್ರ ಬ್ಯಾರೇನೋ ಹುಟ್ಟತೈತಿ, ಇವತ್ತ ಕುಡಿದ್ರ ಇವತ್ತ ಏನೂ ಆಗಂಗಿಲ್ಲ, ವರ್ಷಗಟ್ಟಲೆ ಕುಡಿದ್ರ ಒಳ್ಳೇದಲ್ಲ, ಮೊದಲು ತೊಟ್ಟಿ ತೊಳೀಬೇಕು. ಪುಡಿ ಹಾಕಿದ ತೊಟ್ಟಿ ತೊಳೀತಾರೇನ, ಸೋಪಿಗೆ ಜಳಕ ಮಾಡಿಸಿದಂಗ, ಅಂದೆ ನಾನು. ಅವಳು ಮೂಲೆಯ ಕೊಡ ತೋರಿಸಿದಳು, ಮತ್ತ ಹೂವಿಗ್ಯಾಕ ಬ್ಯಾರೆ ನೀರ್ರಿ — ಹೌದು, ತೊಟ್ಟಿ ನೀರು ಚಿಮುಕಿಸಿದರೆ ಮೊಗ್ಗಿನ ಅಂಚು ಕಂದುತ್ತದೆ, ಮಾಲೆಗೆ ಆ ವಾಸನೆ ಹತ್ತುತ್ತದೆ, ಅದಕ್ಕೇ ಬೀದಿ ನಲ್ಲಿಯಿಂದ ನೇರ ಹಿಡಿದು ಬಟ್ಟೆಯಲ್ಲಿ ಸೋಸಿ ಇಟ್ಟದ್ದು ಹೂವಿಗೆ, ತೊಟ್ಟಿಯದು ಮನುಷ್ಯರಿಗೆ, ನಾನೇ ಮಾಡಿದ ಕಟ್ಟಳೆ, ಅದಕ್ಕೇ ಇವತ್ತು ಮಗನನ್ನು ತೊಟ್ಟಿಗೆ ಇಳಿಸಿದ್ದು — ಈಗ ಗೋಡೆಯಾಚೆ ಹಂಪಕ್ಕನ ತಲೆ, ಇದೇನ್ ಯಕ್ಕ ಇಷ್ಟು ರಾಡಿ, ನಾಚಲಿ ಅಂತ ನೋಡುತ್ತಾಳೆ, ನಾಚುವವಳಲ್ಲ ನಾನು, ನನ್ನ ಸೊಸಿ ಕಂಡುಹಿಡದಾಳ, ನಿಮ್ಮ ತೊಟ್ಟೀನೂ ತಗದು ನೋಡ್ಕೊ, ಅಂದೆ, ಓಣಿಗೆಲ್ಲ ಕೇಳುವ ಹಾಗೆ, ಮಾಲೆ ಬದಿಗಿಟ್ಟು ಎದ್ದೆ, ಸೊಸೆಯ ಲೋಟ ಚೆಲ್ಲಿ ಹೂವಿನ ಕೊಡ ಬಗ್ಗಿಸಿ ತುಂಬಿದೆ, ಕುಡಿ — ಮೂಗಿನ ಹತ್ತಿರ ಹಿಡಿದಳು, ಎತ್ತಿದಳು, ಗಂಟಲು, ತೆಳ್ಳನೆಯ ಗಂಟಲು, ಏರಿತು, ಇಳಿಯಿತು, ಮತ್ತೆ ಏರಿತು, ನಿಲ್ಲಲಿಲ್ಲ, ಗಂಟಲು —