ಮೊದಲ ದಿನದ ಖಾಲಿ ಹಾಸಿಗೆಗಳು

"ಸರ್, ಈ ಸಲವೂ ಉತ್ತರ ಮ್ಯಾಚ್ ಆಗ್ಲಿಲ್ಲ," ಎಂದಳು ಸಂಯುಕ್ತಾ. ವೆಸ್ಟ್‌ಮೀಡ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಫೋನ್ ಹಿಡಿದು ಓಡಾಡುತ್ತಲೇ ಇದ್ದಳು. "ನಿಮ್ಮ ರಿಸರ್ಚ್ ಪೇಪರಲ್ಲಿರೋ ಹಾಗೇ ಮಾಡಿದೀನಿ. ಆದ್ರೂ ವೇಟಿಂಗ್ ಟೈಮ್ ಡಬಲ್ ಬರ್ತಿದೆ."

"ಎಲ್ಲೋ ಏನೋ ತಪ್ಪು ಮಾಡಿರ್ತೀಯ ಕಣಮ್ಮ," ಮೆಲ್ಬರ್ನಿನಿಂದ ಇಂದ್ರೇಶ್ ನಕ್ಕರು. "ಶನಿವಾರ ಬಂದ್ಬಿಡು. ನನ್ನ ಲ್ಯಾಪ್‌ಟಾಪಲ್ಲೇ ಓಡಿಸಿ ತೋರಿಸ್ತೀನಿ."

ಕಂಪ್ಯೂಟರಿನೊಳಗೆ ಆಸ್ಪತ್ರೆ ಕಟ್ಟಿ, ರೋಗಿಗಳನ್ನು ಒಬ್ಬೊಬ್ಬರಾಗಿ ಒಳಬಿಟ್ಟು, ಇಷ್ಟು ಹಾಸಿಗೆ ಸಾಕು, ಇಷ್ಟು ನರ್ಸ್ ಬೇಕು ಎಂದು ಹೇಳುವ ಸಂಶೋಧನೆಗಳು ಇನ್ನೊಬ್ಬರ ಕೈಯಲ್ಲೂ ಅದೇ ಉತ್ತರ ಕೊಡುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆ ವಿದ್ಯೆ ಕಲಿಸಿದವರೇ ಇಂದ್ರೇಶ್. ಓದಲು ಬಂದ ಹೊಸತರಲ್ಲಿ ರೂಮು ಸಿಗದೆ ಒದ್ದಾಡುತ್ತಿದ್ದವಳನ್ನು ಗ್ಲೆನ್ ವೇವರ್ಲಿಯ ತಮ್ಮ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರೂ ಅವರು ಮತ್ತು ಅವರ ಹೆಂಡತಿ ಅಹಲ್ಯಾ. ಈಗ ಇಂದ್ರೇಶರ ಲೆಕ್ಕ ನಂಬಿ ಒಳನಾಡಿನ ಆಸ್ಪತ್ರೆಯೊಂದು ಹೆರಿಗೆ ವಾರ್ಡಿನ ಅರ್ಧ ಹಾಸಿಗೆಗಳನ್ನು ತೆಗೆಯಲು ಹೊರಟಿತ್ತು. ತಪ್ಪು ತನ್ನದೇ ಆಗಿರಲಿ ಎಂದು ಶನಿವಾರದ ವಿಮಾನದಲ್ಲಿ ದಾರಿಯುದ್ದಕ್ಕೂ ಹರಕೆ ಹೊತ್ತಳು.

ಅಹಲ್ಯಾ ಬಾಗಿಲಲ್ಲೇ ತಬ್ಬಿಕೊಂಡಳು. "ಸೊರಗಿ ಹೋಗಿದೀಯಲ್ಲೇ! ಮೊದ್ಲು ರೊಟ್ಟಿ ತಿನ್ನು, ಆಮೇಲೆ ಕಂಪ್ಯೂಟರ್."

ಅರ್ಧ ರೊಟ್ಟಿ ತಿಂದಳು. ತಟ್ಟೆ ಸರಿಸಿ ಇಂದ್ರೇಶರ ಪಕ್ಕ ಕೂತಳು. ಅವರು ಕಂಪ್ಯೂಟರಿನ ಆ ಆಸ್ಪತ್ರೆಯ ಮಾದರಿಯನ್ನು ಓಡಿಸಿದರು. ಉತ್ತರ ಪೇಪರಿನಲ್ಲಿದ್ದದ್ದೇ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಹೇಳಲಿಲ್ವಾ?" ಎಂದರು.

ಸಂಯುಕ್ತಾಳಿಗೆ ಎದೆಯ ಭಾರ ಇಳಿದಂತಾಯಿತು. ಆದರೂ ಕೈ ಸುಮ್ಮನಿರಲಿಲ್ಲ. ಮಾದರಿಯನ್ನು ಮೊದಲ ದಿನಕ್ಕೆ ತಂದು ನಿಧಾನವಾಗಿ ಓಡಿಸಿದಳು. ತೆರೆಯ ಮೇಲೆ ವಾರ್ಡು ಮೂಡಿತು.

"ಸರ್, ಮೊದಲನೇ ದಿನ ಎಲ್ಲಾ ಬೆಡ್ ಖಾಲಿ ಇದೆ."

"ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ."

"ಖಾಲಿ ಇದ್ದಾಗ ಬಂದೋರು ಕಾಯೋದೇ ಇಲ್ಲ, ಅದಕ್ಕೇ ವೇಟಿಂಗ್ ಟೈಮ್ ಕಮ್ಮಿ ಕಾಣುತ್ತೆ. ವಾರ್ಡು ತುಂಬೋವರೆಗಿನ ದಿನಗಳನ್ನ ಲೆಕ್ಕದಿಂದ ಬಿಡ್ಬೇಕು ಅಂತ ನನಗೆ ಕಲಿಸಿದ್ದೇ ನೀವು. ನಾನು ಬಿಟ್ಟೆ. ನೀವು ಬಿಟ್ಟಿಲ್ಲ. ಪೇಪರಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ."

ಇಂದ್ರೇಶ್ ತೆರೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಒಳಗೆಲ್ಲೋ ಮಗಳು ಆದ್ಯಾ ಪಿಯಾನೋದಲ್ಲಿ ಅದೇ ಸಾಲನ್ನು ತಪ್ಪಿ ತಪ್ಪಿ ನುಡಿಸುತ್ತಿದ್ದಳು.

"ನನ್ನ ಮೆಷಿನ್‌ನಲ್ಲಿ ಅದೇ ನಂಬರ್ ಬಂತು ತಾನೆ?" ಇಂದ್ರೇಶ್ ಕೇಳಿದರು. "ನಿನ್ನ ರಿಪೋರ್ಟಲ್ಲಿ ಅಷ್ಟೇ ಬರಿ. ಸುಳ್ಳೇನಲ್ಲವಲ್ಲ."

"ಅಲ್ಲ. ಆದ್ರೆ ಅಷ್ಟೇ ಬರೆಯಕ್ಕಾಗಲ್ಲ ಸರ್."

"ನಿನ್ನ ಕಾಂಟ್ರಾಕ್ಟ್ ರಿನ್ಯೂವಲ್‌ಗೆ ರೆಫರೆನ್ಸ್ ಕೊಡ್ಬೇಕಾದೋನು ನಾನೇ, ಗೊತ್ತಲ್ಲ?" ಮಾತು ಬಾಯಿಂದ ಜಾರಿದ ಮೇಲೆ ಅವರೇ ಬೆಚ್ಚಿದಂತೆ ಕಂಡರು.

ಅವಳು ಬ್ಯಾಗು ಎತ್ತಿಕೊಂಡಳು. "ಸಂಜೆ ಫ್ಲೈಟು, ಅಕ್ಕಾ," ಎಂದದ್ದನ್ನು ಅಹಲ್ಯಾ ನಂಬಿದಂತಿರಲಿಲ್ಲ. ಆದರೂ ತಡೆಯಲಿಲ್ಲ.

ಗ್ಲೆನ್ ವೇವರ್ಲಿ ಕೊನೆಯ ನಿಲ್ದಾಣ. ರೈಲು ಬಾಗಿಲು ತೆರೆದು ನಿಂತಿತ್ತು. ಒಂದು ಸೀಟಿನಲ್ಲಿ ಕೂತಳು, ಎದ್ದಳು, ಇನ್ನೊಂದರಲ್ಲಿ ಕೂತಳು. ಊಟ ಹಾಕಿದ ಮನೆ ಅದು. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಆಸ್ಪತ್ರೆಯ ಕಾರಿಡಾರಿನಲ್ಲಿ, ಮುಖವೇ ಕಾಣದ ಯಾರೋ ಬಸುರಿ ಹೆಂಗಸು ಗೋಡೆಗೆ ಕೈಯಿಟ್ಟು ನಿಂತಿರುವುದು ಕಣ್ಣೆದುರಿನಿಂದ ಹೋಗಲೊಲ್ಲದು.

ಯಾರೋ ಓಡಿಬಂದು ಪಕ್ಕದಲ್ಲಿ ಧೊಪ್ಪನೆ ಕುಳಿತರು. ಇಂದ್ರೇಶ್. ಉಸಿರು ಸಿಗುತ್ತಿರಲಿಲ್ಲ.

"ನೀನು ಹೋದ್ಮೇಲೆ ಓಡಿಸಿದೆ. ಆ ದಿನಗಳನ್ನ ಬಿಟ್ಟು." ಹಣೆಯ ಬೆವರು ಒರೆಸಿಕೊಂಡರು. "ನಿನ್ನ ನಂಬರೇ ಬಂತು."

ಅವಳು ಬ್ಯಾಗು ಸರಿಸಿ ಜಾಗ ಮಾಡಿಕೊಟ್ಟಳು.

"ಆಸ್ಪತ್ರೆಯವ್ರಿಗೆ ಇವತ್ತೇ ಫೋನ್ ಮಾಡ್ತೀನಿ. ನೀನು ಇದ್ದದ್ದು ಇದ್ದ ಹಾಗೇ ಬರಿ. ಆಮೇಲೆ... ಆಗ ರೆಫರೆನ್ಸ್ ಅಂತ ಅಂದೆನಲ್ಲ, ಅದು..."

ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡು ರೈಲು ಹೊರಟೇಬಿಟ್ಟಿತು. ಇಬ್ಬರೂ ಮುಚ್ಚಿದ ಬಾಗಿಲನ್ನು ನೋಡಿದರು.

ಮುಂದಿನ ನಿಲ್ದಾಣವಾದ ಸಿಂಡಾಲ್‌ನಲ್ಲಿ ಇಂದ್ರೇಶ್ ಇಳಿದರು. ರೈಲು ಕದಲಿದಾಗ ಅವಳು ಕಿಟಕಿಯಿಂದ ಹಿಂತಿರುಗಿ ನೋಡಿದಳು. ಬಾತ್‌ರೂಮ್ ಚಪ್ಪಲಿಯಲ್ಲೇ ಬಂದಿದ್ದ ಅವರು ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಫೋನನ್ನು ಕಿವಿಗಿಟ್ಟುಕೊಂಡು, ಆ ಕಡೆಯವರು ಎತ್ತಲಿ ಎಂದು ಕಾಯುತ್ತಿದ್ದರು.